ಅತ್ತೆಯ ಜೋಗುಳಕ್ಕೆ ಸ್ವರ ಹಾಕಿದ್ದು

ನನ್ನ ಅತ್ತೆಗೆ ಒಂದು ಜೋಗುಳ ಬರುತ್ತದೆ. ಬೀಳಗಿ ಕಡೆಯ ತವರಿನಲ್ಲಿ ಕಲಿತದ್ದು. ಅಣೆಕಟ್ಟಿನ ಹಿನ್ನೀರಲ್ಲಿ ಊರು ಮುಳುಗಿ ಅಲ್ಲಿನವರೆಲ್ಲ ದಿಕ್ಕಿಗೊಬ್ಬರಾದ ಮೇಲೆ ಅದನ್ನು ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಹೋದ ಬೇಸಿಗೆಯಲ್ಲಿ ಹಾಡುತ್ತ ಹಾಡುತ್ತ ನಡುವೆಯೇ ನಿಲ್ಲಿಸಿ, "ಸಾಕವಾ, ಇನ್ನ ದನಿ ಏರಂಗಿಲ್ಲ" ಎಂದುಬಿಟ್ಟರು.

ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದಳು. ಬನಹಟ್ಟಿಯ ನಮ್ಮ ಮನೆಯಲ್ಲಿ ಪಕ್ಕದ ಕೋಣೆಯಲ್ಲೇ ಪವರ್‌ಲೂಮ್. ರೆಕಾರ್ಡಿನಲ್ಲಿ ಮಗ್ಗವೇ ಜೋರಾಗಿ ಕೇಳಿತು. ಮಗ್ಗ ನಿಲ್ಲಿಸಿ ಮತ್ತೆ ಮಾಡಿದೆವು. ಆಗ ಮುದಿ ದನಿಯ ನಡುಕ ಕೇಳಿತೇ ಹೊರತು ಧಾಟಿ ಹಿಡಿಯಲಾಗಲಿಲ್ಲ. ಸ್ವರ ಬರೆಯುವುದನ್ನು ನಾನೇ ಕಲಿಯುತ್ತೇನೆ ಎಂದು ಆ ದಿನವೇ ನಿರ್ಧರಿಸಿದೆ.

"ಈ ವಯಸ್ಸಿನ್ಯಾಗ ಸಾ ರೀ ಗಾ? ಮಂದಿ ನಗತಾರ" ಎಂದರು ನನ್ನ ಯಜಮಾನರು.

"ನಗಲಿ ಬಿಡ್ರಿ. ನಾ ಹೋಗಾಕಿನ."

ಜಮಖಂಡಿಯಲ್ಲಿ ಸಂಗೀತದ ಅಕ್ಕೋರು ಒಬ್ಬರು ಇದ್ದರು. ಶಾಲೆಯ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಅವರು ಹಾರ್ಮೋನಿಯಮ್ಮಿನ ಒಂದು ಕೀ ಒತ್ತಿ, "ಇದು ಸಾ, ಅನ್ರಿ" ಎಂದರು. ನಾನು ಅಂದೆ. ಅವರು ಬೆಚ್ಚಿಬಿದ್ದರು.

"ಯಾಕ ಹಂಗ ಒದರ್ತೀರಿ? ನಾ ಇಲ್ಲೇ ಅದೇನಿ."

ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಿ ರೂಢಿಯಿರುವುದಿಲ್ಲ. ಮೊದಲ ತಿಂಗಳೆಲ್ಲ ನಾನು ಕಲಿತದ್ದು ದನಿ ಇಳಿಸುವುದನ್ನೇ. ಆಮೇಲೆ ಗುರುತುಗಳು ಬಂದವು: ಸ್ವರದ ಕೆಳಗೆ ಚುಕ್ಕಿ ಇದ್ದರೆ ಕೆಳಗಿನ ಸಪ್ತಕ, ಮೇಲೆ ಇದ್ದರೆ ಮೇಲಿನದು, ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಎಂದರೆ ತುಸು ಇಳಿಸಿದ ಸ್ವರ. ಕಾಗದದ ಮೇಲೆ ಎಲ್ಲ ಸುಲಭ. ಕಿವಿಗೆ ಮಾತ್ರ ಕೋಮಲ ಗಾಂಧಾರವೂ ಶುದ್ಧ ಗಾಂಧಾರವೂ ಒಂದೇ. ಅಕ್ಕೋರು ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಎರಡನ್ನೂ ಬದಲಿಸಿ ಬದಲಿಸಿ ನುಡಿಸುತ್ತಿದ್ದರು. ನಾನು ತಪ್ಪು ಹೇಳುತ್ತಿದ್ದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಗೆ ಮುಖ ಕೊಟ್ಟು ಗುನುಗುತ್ತಿದ್ದೆ. ಪಕ್ಕದವರು ಸರಿದು ಕೂತರೂ ಬಿಡಲಿಲ್ಲ. ಒಂದು ದಿನ ಕೋಮಲ ಕೋಮಲವಾಗಿಯೇ ಕೇಳಿತು. ಅಲ್ಲಿಂದ ಮುಂದೆ ತಪ್ಪಲಿಲ್ಲ.

ದೀಪಾವಳಿ ಕಳೆದ ಮೇಲೆ ಜೋಗುಳ ಬರೆಯಲು ಕೂತೆ. ಅತ್ತೆ ಒಂದೊಂದೇ ತುಣುಕು ಹಾಡುವುದು, ನಾನು ಅಕ್ಕೋರಿಂದ ಕಡ ತಂದ ಹಾರ್ಮೋನಿಯಮ್ಮಿನಲ್ಲಿ ಹುಡುಕುವುದು. ಸ್ವರಗಳು ಸಿಕ್ಕವು. ಆದರೆ ದಾದರಾ ತಾಳದ ಆರು ಮಾತ್ರೆಗೆ ಕೂರಿಸಿದರೆ ಸಾಲುಗಳು ಕುಂಟುತ್ತಿದ್ದವು. ಬರೆದೆ, ಹರಿದೆ, ಮತ್ತೆ ಬರೆದೆ. ಕೊನೆಗೆ ಅಕ್ಕೋರಿಗೆ ತೋರಿಸಿದೆ. ಅವರು ತಾವೇ ಚಪ್ಪಾಳೆಯಲ್ಲಿ ತಾಳ ಹಾಕುತ್ತ ನನ್ನಿಂದ ಹಾಡಿಸಿ ನಕ್ಕರು.

"ಮೊದಲನೇ ಅಕ್ಷರಾನ ಸಮದ ಮ್ಯಾಲೆ ಇಟ್ಟೀರಿ. ಹಾಡು ಸಮದಾಗ ಹುಟ್ಟಬೇಕಂತ ಎಲ್ಲೈತಿ? ಇದು ಖಾಲಿಯೊಳಗಿಂದ ಏಳತೈತಿ ನೋಡ್ರಿ."

ಸಮ ಎಂದರೆ ತಾಳದ ಮೊದಲ ಮಾತ್ರೆ; ಖಾಲಿ ಎಂದರೆ ಚಪ್ಪಾಳೆ ಬೀಳದೆ ಕೈ ಬೀಸುವ ಜಾಗ, ದಾದರಾದಲ್ಲಿ ನಾಲ್ಕನೇ ಮಾತ್ರೆ. ಅಲ್ಲಿಂದ ಶುರುಮಾಡಿದೆ. ಸಾಲುಗಳು ತಾವಾಗಿ ಕೂತವು.

ಹಾಳೆ ಹಿಡಿದು ಅತ್ತೆಯ ಮುಂದೆ ಹಾಡಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ತಟ್ಟನೆ ಕೈ ಎತ್ತಿದರು.

"ಅಲ್ಲಿ ಜಿಗದಿ ನೋಡವಾ. ಜಿಗೀಬಾರ್ದು, ಜಾರಬೇಕು. ಕೂಸು ಎಚ್ಚರಾಗತೈತಿ."

ಹಾಗೆ ಜಾರುವುದಕ್ಕೆ ಮೀಂಡ ಎನ್ನುತ್ತಾರೆ, ಸ್ವರಗಳ ಮೇಲೆ ಕಮಾನಿನಂಥ ಗೆರೆ ಎಳೆದು ಅದನ್ನು ತೋರಿಸುತ್ತಾರೆ ಎಂದು ಮುಂದಿನ ಪಾಠದಲ್ಲಿ ತಿಳಿಯಿತು. ಗೆರೆ ಎಳೆದೆ. ಎರಡನೇ ಸಲ ಹಾಡಿದಾಗ ಅತ್ತೆ ಕೈ ಎತ್ತಲಿಲ್ಲ. ನನ್ನ ದನಿಯ ಕೆಳಗೆ ಅವರದೂ ಸಣ್ಣಗೆ ಸೇರಿಕೊಂಡಿತು.

ಹಾಳೆಯ ಒಂದು ಪ್ರತಿಯನ್ನು ಅಕ್ಕೋರು ಇಟ್ಟುಕೊಂಡರು. ಕೆಲವು ವಾರಗಳ ನಂತರ ಪಾಠಕ್ಕೆ ಹೋದಾಗ ಒಳಗೆ ಯಾರೋ ಹಾಡುತ್ತಿದ್ದರು. ಮುಧೋಳದಿಂದ ಬರುವ ಬಸುರಿ ಹೆಣ್ಣುಮಗಳು, ನನಗೆ ಗುರುತಿಲ್ಲ. ಅತ್ತೆಯ ಜೋಗುಳವನ್ನು ಹಾಳೆ ನೋಡಿಕೊಂಡು, ತಡವರಿಸುತ್ತ, ಜಾರಬೇಕಾದಲ್ಲಿ ಸರಿಯಾಗಿ ಜಾರುತ್ತ ಹಾಡುತ್ತಿದ್ದಳು. ಚಪ್ಪಲಿ ಬಿಡುವುದನ್ನು ಮರೆತು ನಾನು ಹೊಸ್ತಿಲಲ್ಲೇ ನಿಂತೆ.