ನೀಲಿ ಪರದೆಯ ಸೇಡು

ನಾನು ಸಿಟ್ಟನ್ನು ಬೇಗ ಮರೆಯುವವಳಲ್ಲ. ನಮ್ಮ ಮನೆಯ ಕಂಪ್ಯೂಟರ್ ಆ ಬೇಸಿಗೆಯಲ್ಲಿ ಮೇಲಿಂದ ಮೇಲೆ ಕೈಕೊಟ್ಟದ್ದನ್ನೂ, ಪ್ರತಿ ಸಲವೂ ತಪ್ಪನ್ನು ನನ್ನ ತಲೆಗೆ ಕಟ್ಟಿದವರು ಯಾರು ಎಂಬುದನ್ನೂ ಒಂದಿಷ್ಟೂ ಮರೆತಿಲ್ಲ. ಕಟ್ಟಿದವರು ನನ್ನ ಯಜಮಾನರು. ನಾನು ಇದನ್ನು ಬರೆಯುವಾಗ ಅವರು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತ ಆರಾಮಾಗಿ ಕೂತಿದ್ದಾರೆ.

ನಾವು ಹುಬ್ಬಳ್ಳಿಯವರು. ನಾಗಪುರದ ಮಿಹಾನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ವಿಮಾನ ದುರಸ್ತಿ ಮಾಡುವ ಕಡೆ ಇವರಿಗೆ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದೆವು. ಬೆಳಿಗ್ಗೆ ಕಂಪನಿಯ ಕ್ಯಾಬ್ ಬಂದು ಇವರನ್ನು ಕರೆದುಕೊಂಡು ಹೋದರೆ ಮನೆಯಲ್ಲಿ ನಾನೊಬ್ಬಳೇ. ಇಲ್ಲಿನ ಕನ್ನಡದ ಮನೆಗಳಲ್ಲಿ, ಅದರಲ್ಲೂ ಊರೂರು ತಿರುಗುವ ವಾಯುಪಡೆಯವರ ಮನೆಗಳಲ್ಲಿ, ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಮಾತ್ರ ಬರುವುದಿಲ್ಲ. ಅವರಿಗೆ ಓದು ಕಲಿಸಲು ಕಂಪ್ಯೂಟರಿನಲ್ಲಿ ಒಂದು ಆನ್‌ಲೈನ್ ತರಗತಿ ಶುರು ಮಾಡಿದೆ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಮಕ್ಕಳು ಸೇರಿಕೊಂಡರು. ಈ ಊರಿನಲ್ಲಿ ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಮೊದಲ ಸಲ ನೀಲಿ ಪರದೆ ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಶಾಲೆಗೆ ರಜೆ, ಹೊರಗೆ ತಲೆ ಹಾಕಲಾಗದ ಬಿಸಿಲು, ಮಕ್ಕಳೆಲ್ಲ ಮನೆಯೊಳಗೇ ಇರುತ್ತಾರೆಂದು ಊಟದ ನಂತರ ತರಗತಿ ಇಟ್ಟಿದ್ದೆ. 'ಎ' ಮತ್ತು 'ಏ' ಹೇಳಿಕೊಡುತ್ತಿದ್ದೆ. ಮರಾಠಿಯಲ್ಲಿ ಈ ಭೇದವಿಲ್ಲ, ಹಾಗಾಗಿ ಇಲ್ಲಿನ ಮಕ್ಕಳ ಬಾಯಲ್ಲಿ 'ಎಲೆ' ಎನ್ನುವುದು 'ಏಲೇ' ಆಗುತ್ತದೆ. ತಿದ್ದಿ ತಿದ್ದಿ ಒಂದು ಹದಕ್ಕೆ ತಂದಿದ್ದೆ, ಅಷ್ಟರಲ್ಲಿ ಪರದೆ ಪೂರ್ತಿ ನೀಲಿಯಾಯಿತು. ಅದರ ಮೇಲೊಂದು ಅಳುಮೋರೆ, ಕೆಳಗೆ ಕಂಪ್ಯೂಟರಿಗೆ ಏನೋ ತೊಂದರೆಯಾಗಿದೆ ಎಂಬ ಇಂಗ್ಲಿಷ್ ಒಕ್ಕಣೆ. ಅದು ಮತ್ತೆ ಎದ್ದು ಕೂರುವಷ್ಟರಲ್ಲಿ ನನ್ನ ಫೋನಿಗೆ ಮಕ್ಕಳ ಕೂಗು ಬಂದಿತ್ತು: "ಟೀಚರ್ ಹ್ಯಾಂಗ್ ಝಾಲ್ಯಾ!" ಟೀಚರೇ ಹ್ಯಾಂಗ್ ಆಗಿಬಿಟ್ಟರಂತೆ. ಹಿಂದೆ ಒಂದು ಹಿಂಡು ನಗು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಶೂ ಕೂಡ ಬಿಚ್ಚಿರಲಿಲ್ಲ.

"ಏನ್ ಒತ್ತಿದಿ?" ಅಂದರು.

"ಏನೂ ಒತ್ತಿಲ್ರಿ. ಪಾಠಾ ಹೇಳಾಕತ್ತಿದ್ದೆ, ತಾನ ಬಂದ್ ಆತು."

"ತಾನ ಹೆಂಗ ಬಂದ್ ಆಗ್ತೈತಿ? ಯಾರರ ಏನರ ಮಾಡಿದ್ರನ ಮಶೀನ್ ಕೆಡೋದು. ವಿಮಾನಾ ರಿಪೇರಿ ಮಾಡಾಂವ ಅದೇನಿ ನಾ, ನನಗ ಹೇಳ್ತಿ? ಬರೋಬರ್ ನೆನಪ ಮಾಡ್ಕೋ."

ನೆನಪು ಮಾಡಿಕೊಂಡೆ. ಒತ್ತಿದ್ದು ಯಾವುದೂ ನೆನಪಾಗಲಿಲ್ಲ. ಮರುದಿನ ಮತ್ತೆ ನೀಲಿ, ಮತ್ತೆ ಅದೇ ಪ್ರಶ್ನೆ. ಆ ವಾರವೆಲ್ಲ ಪರದೆ ನೀಲಿಯಾಗುವುದು ಮಧ್ಯಾಹ್ನ, ನನ್ನ ವಿಚಾರಣೆ ನಡೆಯುವುದು ಸಂಜೆ. ಒಬ್ಬ ತಾಯಿ ಫೋನ್ ಮಾಡಿ, ನಿಮ್ಮ ಕಂಪ್ಯೂಟರ್ ಸರಿಯಾದ ಮೇಲೆ ನೋಡೋಣ ಎಂದು ಮಗನನ್ನು ಬಿಡಿಸಿಕೊಂಡಳು. ಇನ್ನೊಬ್ಬಳು ಫೋನನ್ನೂ ಮಾಡಲಿಲ್ಲ, ಮಗು ಬರುವುದು ನಿಂತಿತು, ಅಷ್ಟೇ.

ಭಾನುವಾರ ನಾನು ತರಕಾರಿಗೆ ಹೋಗಿ ಬರುವಷ್ಟರಲ್ಲಿ ಯಜಮಾನರು ಕಂಪ್ಯೂಟರಿನ ಮುಂದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಎಲ್ಲಾ ಅಳಿಸಿ ವಿಂಡೋಸ್ ಹೊಸಾದ್ ಹಾಕೇನಿ. ಇನ್ನ ಏನೂ ಆಗಂಗಿಲ್ಲ."

ಎಲ್ಲಾ ಎಂದರೆ ಎಲ್ಲಾ. ನಾನು ಕೂತು ಮಾಡಿದ ಚಿತ್ರಪಾಠಗಳು, ಸಂತ್ರಿ ಹಣ್ಣಿನ ಗಾಡಿ, ಇಲ್ಲಿನ ರಸ್ತೆ, ಇಲ್ಲಿನ ಬಿಸಿಲು ಇಟ್ಟುಕೊಂಡು ಈ ಮಕ್ಕಳಿಗೆಂದೇ ಬರೆದ ಪುಟ್ಟ ಕಥೆಗಳು, ಯಾವುದೂ ಉಳಿದಿರಲಿಲ್ಲ. ಮಕ್ಕಳು ಮೊದಲ ಸಲ ತಡವರಿಸದೆ ಓದಿದ್ದನ್ನು ನಾನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಿದ್ದೆ, ಅವೂ ಹೋಗಿದ್ದವು. ಅದರಲ್ಲಿ ವಾಯುಪಡೆಯ ಮನೆಯ ಒಬ್ಬ ಹುಡುಗಿಯ ಓದು ಇತ್ತು. ಮೂರು ರಾಜ್ಯದ ಶಾಲೆ ತಿರುಗಿ ಬಂದ ಮಗು, ಅಕ್ಷರ ಕಂಡರೆ ಮೇಜಿನ ಕೆಳಗೆ ಅಡಗುತ್ತಿತ್ತು. ಅದು ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿ, ನಂಬಿಕೆಯಾಗದೆ ತಾನೇ ನಕ್ಕಿತ್ತು. ಆ ನಗು ಕೂಡ ರೆಕಾರ್ಡ್ ಆಗಿತ್ತು.

"ನನ್ನನ್ನೊಂದ್ ಮಾತ ಕೇಳಬಾರ್ದಿತ್ತೇನ್ರಿ?" ಅಂದೆ.

"ನೀ ಬ್ಯಾಕಪ್ ಇಟ್ಕೋಬೇಕಿತ್ತು" ಅಂದರು.

ಆ ಮಾತಿಗೆ ಇವರಿಗೆ ಕ್ಷಮೆ ಇಲ್ಲವೆಂದು ನಾನು ಅಲ್ಲೇ, ಹೀರೇಕಾಯಿಯ ಚೀಲ ಹಿಡಿದುಕೊಂಡೇ ತೀರ್ಮಾನಿಸಿದೆ. ಅತ್ತು ಕರೆದು ರಂಪ ಮಾಡಲಿಲ್ಲ. ಅತ್ತರೆ ಸಿಟ್ಟು ಇಳಿದುಹೋಗುತ್ತದೆ, ನನಗೆ ಅದು ಬೇಕಾಗಿತ್ತು.

ಅಳಿಸಿದ್ದಕ್ಕೆ ಫಲವಾದರೂ ಸಿಕ್ಕಿತೇ? ಎರಡು ದಿನ ಕಳೆಯುವುದರೊಳಗೆ ಪರದೆ ಮತ್ತೆ ನೀಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಇವರೇನು ಸೋಲೊಪ್ಪಿಕೊಳ್ಳುವವರೇ? ನಾನು ಮತ್ತೆ ಏನೋ ಹಾಕಿಕೊಂಡಿದ್ದೇನೆ ಎಂದರು. ಮೇಲಾಗಿ ಬಿಸಿಲಿಗೆ ಕಾದಿದೆ ಎಂದು, ಮೊದಲೇ ಕೂಲರಿನ ಎದುರು ಇದ್ದ ಮೇಜನ್ನು ಇನ್ನೂ ಹತ್ತಿರಕ್ಕೆ, ಅದರ ಬಾಯಿಗೇ ಎಳೆದರು. ಹುಬ್ಬಳ್ಳಿಯಲ್ಲಿ ನಮಗೆ ಕೂಲರ್ ಗೊತ್ತಿರಲಿಲ್ಲ. ಇಲ್ಲಿ ಅದಿಲ್ಲದೆ ಬೇಸಿಗೆ ಕಳೆಯುವುದಿಲ್ಲ: ಕಿಟಕಿಗೆ ಕೂರಿಸಿದ ತಗಡಿನ ದೊಡ್ಡ ಪೆಟ್ಟಿಗೆ, ಮೂರು ಬದಿಗೆ ಹುಲ್ಲಿನ ತಡಿಕೆ, ಒಳಗಿನ ಪಂಪು ಆ ಹುಲ್ಲಿಗೆ ನೀರು ಸುರಿಸುತ್ತಿರುತ್ತದೆ, ಫ್ಯಾನು ಆ ಒದ್ದೆಯ ತಂಪನ್ನು ಕೋಣೆಗೆ ನೂಕುತ್ತದೆ. ಮನುಷ್ಯರಿಗೆ ಹಿತವಾದದ್ದು ಕಂಪ್ಯೂಟರಿಗೂ ಹಿತ ಎಂದುಕೊಂಡಿದ್ದೆವು.

ನಾನು ಹುಡುಕಲು ಶುರು ಮಾಡಿದೆ. ಕಂಪ್ಯೂಟರ್ ಸರಿಹೋಗಲಿ ಎಂಬ ಆಸೆ ಇತ್ತು, ಇಲ್ಲವೆನ್ನಲಾರೆ. ಆದರೆ ಅದಕ್ಕಿಂತ ದೊಡ್ಡದಾಗಿ, ತಪ್ಪು ನನ್ನದಲ್ಲ ಎಂಬ ಸಾಕ್ಷಿ ಕೈಗೆ ಸಿಗಬೇಕಿತ್ತು. ನೀಲಿ ಪರದೆ ಬಂದಾಗಲೆಲ್ಲ ಫೋನಿನಲ್ಲಿ ಫೋಟೋ ತೆಗೆದೆ. ಕೆಳಗೆ ಸಣ್ಣಕ್ಷರದಲ್ಲಿ ದೋಷದ ಹೆಸರು ಇರುತ್ತದೆ, ಅದು ಪ್ರತಿ ಸಲ ಬೇರೆ ಬೇರೆ ಇತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದೆ. ಹೀಗೆ ಹೆಸರು ಬದಲಾಗುತ್ತಿದ್ದರೆ ಒಳಗಿನ ಮೆಮೊರಿ ಪಟ್ಟಿಗಳ ಮೇಲೆ ಅನುಮಾನ ಪಡಬೇಕಂತೆ. ಅದನ್ನು ಪರೀಕ್ಷಿಸುವ ವ್ಯವಸ್ಥೆ ವಿಂಡೋಸಿನಲ್ಲೇ ಇದೆ. ಬೆಳಿಗ್ಗೆ ಇವರ ಎದುರಿಗೇ ಪರೀಕ್ಷೆ ಹಚ್ಚಿದೆ. ದೋಷವಿಲ್ಲ ಎಂದು ಬಂತು.

"ನೋಡಿದೆಲ್ಲ? ಮಶೀನ್ ಬರೋಬರ್ ಐತಿ" ಎಂದು ಕ್ಯಾಬ್ ಹತ್ತಿದರು.

ಕ್ಯಾಬ್ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಬಾಗಿಲಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಆ ವಾರವೇ ಕೂಲರಿನ ಪಂಪು ಕೆಟ್ಟಿತು. ನಮ್ಮ ಬೋರಿನ ನೀರಿನಲ್ಲಿ ಉಪ್ಪು ಜಾಸ್ತಿ, ಬಿಳಿ ಹಿಟ್ಟು ಕಟ್ಟಿಕೊಂಡು ಪಂಪು ತಿರುಗುವುದೇ ಇಲ್ಲ. ಹೊಸದು ತರುವವರೆಗೆ ಬರೀ ಫ್ಯಾನು ಹಾಕಿಕೊಂಡು ಕೂತೆ. ಒಲೆಯ ಮುಂದೆ ಕೂತಂತಹ ಗಾಳಿ. ನನ್ನ ತಲೆ ಸುತ್ತುತ್ತಿತ್ತು, ಕಂಪ್ಯೂಟರಿಗೆ ಮಾತ್ರ ಏನೂ ಆಗಲಿಲ್ಲ. ಪಂಪಿಲ್ಲದ ಅಷ್ಟೂ ದಿನ ಒಂದು ನೀಲಿ ಪರದೆಯೂ ಬರಲಿಲ್ಲ. ಹೊಸ ಪಂಪು ಹಾಕಿದ ಮಧ್ಯಾಹ್ನವೇ ಬಂತು.

ಹಾಗಾದರೆ ಬಿಸಿಲಿನದಲ್ಲ ತಪ್ಪು, ಆ ಒದ್ದೆ ತಂಪಿನದು. ಖಚಿತ ಮಾಡಿಕೊಳ್ಳಲು ಒಂದು ಕರಿದ ಹಪ್ಪಳವನ್ನು ಕಂಪ್ಯೂಟರಿನ ಡಬ್ಬಿಯ ಮೇಲಿಟ್ಟು ಕೂಲರ್ ಹಚ್ಚಿದೆ. ಪಾತ್ರೆ ತೊಳೆದು ಬರುವಷ್ಟರಲ್ಲಿ ಹಪ್ಪಳ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆಗಲೇ ಕೂತು ಮೆಮೊರಿಯ ಪರೀಕ್ಷೆಯನ್ನು ಮತ್ತೆ ಹಚ್ಚಿದೆ, ಈ ಸಲ ಕೂಲರಿನ ಗಾಳಿಯಲ್ಲಿ. ದೋಷವಿದೆ ಎಂದು ಬಂತು. ವೈರು ಕಿತ್ತು, ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದೆ. ಕೂಲರಿನ ತಗಡಿಗೆ ಹಿಡಿದಿದ್ದ ಅದೇ ಬಿಳಿ ಉಪ್ಪು ಒಳಗೆಲ್ಲ ತೆಳ್ಳಗೆ ಕೂತಿತ್ತು. ಮೆಮೊರಿ ಪಟ್ಟಿಗಳ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅವನ್ನು ಹಗುರವಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸಿದೆ. ಮೇಜನ್ನು ಎದುರು ಗೋಡೆಗೆ ಸರಿಸಿದೆ. ನೀಲಿ ಪರದೆ ಅಲ್ಲಿಗೆ ನಿಂತಿತು.

ಅಂದು ಸಂಜೆಯೇ ಹೇಳಿಬಿಡಬಹುದಿತ್ತು. ಹೇಳಿದರೆ ಇವರು "ಹೌದಾ" ಎಂದು ಟಿವಿ ಹಚ್ಚುತ್ತಿದ್ದರು. ನನ್ನ ಪಾಠಗಳನ್ನು ಅಳಿಸಿದವರಿಗೆ ಒಂದು "ಹೌದಾ"ದಲ್ಲಿ ಬಿಡುಗಡೆ ಕೊಡಲು ನನಗೆ ಮನಸ್ಸಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಗಂಡನ ಕಾಲ ಮುಗಿಯುವುದಕ್ಕೆ ಕಾದೆ.

ಅದು ತಾನಾಗಿ ಬಂತು. ಕಂಪನಿಯಲ್ಲಿ ಹೊಸದಾಗಿ ಸೇರಿದವರಿಗೆ ಇವರು ಮನೆಯಿಂದಲೇ, ಕಂಪ್ಯೂಟರಿನಲ್ಲಿ, ಒಂದು ಉಪನ್ಯಾಸ ಕೊಡಬೇಕಾಗಿತ್ತು. ಮೇಲಧಿಕಾರಿಗಳೂ ಕೇಳುವವರಿದ್ದರು. ವಿಷಯ ಏನೆಂದು ಕೇಳಿದೆ.

"ದುರಸ್ತಿಯೊಳಗ ತಪ್ಪಾದ್ರ ಹೆಂಗ ವಿಚಾರ ಮಾಡಬೇಕು ಅಂತ. ನಮ್ಮಲ್ಲಿ ಒಂದ್ ಪದ್ಧತಿ ಐತಿ. ಮೊದಲ ಮನಷ್ಯಾನ ಮ್ಯಾಲೆ ತಪ್ಪು ಹಾಕಬಾರದು. ಯಾಕಾತು ಅಂತ ಹುಡುಕಬೇಕು. ಬೈಕೋತ ಕುಂತ್ರ ಮಂದಿ ಮುಚ್ಚಿಡ್ತಾರ, ವಿಮಾನಾ ಬೀಳ್ತಾವ."

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಕೇಳಿದ್ದೆ, ಅಂಥವರಿಗೇ ದಿನಾ ಊಟ ಬಡಿಸುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ಮರುದಿನವೇ ಮೇಜನ್ನು ಮತ್ತೆ ಕೂಲರಿನ ಬಾಯಿಗೆ ತಂದಿಟ್ಟೆ. ಕೂಲರಿಗೆ ಬೋರಿನ ನೀರನ್ನೇ ಕಂಠಮಟ್ಟ ತುಂಬಿಸಿ, ಫ್ಯಾನು ಜೋರು ಮಾಡಿ ಬಿಟ್ಟೆ. ನನ್ನ ತರಗತಿಯನ್ನು ಫೋನಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು ನಡೆಸಿದೆ. ಸೇಡಿಗೆ ಅಷ್ಟಾದರೂ ಕಷ್ಟ ಪಡಬೇಕಲ್ಲ. ಕೆಲವೇ ದಿನಗಳಲ್ಲಿ ನೀಲಿ ಪರದೆ ಹಳೆಯ ಗೆಳತಿಯ ಹಾಗೆ ಮಧ್ಯಾಹ್ನಕ್ಕೆ ಸರಿಯಾಗಿ ಬರತೊಡಗಿತು. ನಾನು ಇವರಿಗೆ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಉಪನ್ಯಾಸದ ದಿನ ಇವರು ಇಸ್ತ್ರಿ ಅಂಗಿ ಹಾಕಿ ಕೂತರು. "ಸೆಕಿ ಭಾಳ ಐತಿ, ಕೂಲರ್ ಜಲ್ದಿ ಹಚ್ಚು" ಎಂದು ಇವರೇ ಹೇಳಿದರು. ಹಚ್ಚಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಇವರ ಹಿಂದಿ ಚೆನ್ನಾಗಿದೆ, ಮಾತಿನ ಓಟವೂ ಚೆನ್ನಾಗಿದೆ. "ಕಿಸ್‌ನೇ ಕಿಯಾ, ಯೇ ಮತ್ ಪೂಛೋ. ಕ್ಯೋಂ ಹುವಾ, ಯೇ ಪೂಛೋ" ಎಂದು ಬೆರಳೆತ್ತಿದರು. ಯಾರು ಮಾಡಿದರು ಎಂದು ಕೇಳಬೇಡಿ, ಯಾಕಾಯಿತು ಎಂದು ಕೇಳಿ. ಬೆರಳು ಎತ್ತಿದಲ್ಲೇ ಇತ್ತು, ಮುಖದ ಮೇಲೆ ನೀಲಿ ಬೆಳಕು ಬಿತ್ತು. ಸಮಯವನ್ನು ನಾನು ಹೊಂದಿಸಿದ್ದಲ್ಲ, ಅದಷ್ಟು ದೇವರದು.

ಇವರು ಗಡಿಬಿಡಿಯಲ್ಲಿ ಫೋನಿನಿಂದ ಸಭೆಗೆ ಮರಳಿದರು. ಎಲ್ಲರಿಗೂ ಕೇಳುವಂತೆ ಹೇಳಿದ ಮೊದಲ ಮಾತು ಇದು: "ಸಾರಿ, ಸಾರಿ. ಘರ್ ಮೇಂ ವೈಫ್ ನೇ ಕುಛ್ ದಬಾ ದಿಯಾ." ಮನೆಯಲ್ಲಿ ಹೆಂಡತಿ ಏನೋ ಒತ್ತಿಬಿಟ್ಟಿದ್ದಾಳೆ.

ನಾನು ಕೈ ಒರೆಸಿಕೊಂಡು ಹೋಗಿ ಅವರ ಪಕ್ಕದಲ್ಲಿ, ಫೋನಿಗೆ ಕಾಣುವಂತೆ ನಿಂತೆ. ನಮಸ್ಕಾರ ಮಾಡಿ, ನನ್ನ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಬೋರಿನ ನೀರು, ಉಪ್ಪು, ಮಂಕಾದ ಹಲ್ಲು, ಹಪ್ಪಳ. ಪಂಪು ಕೆಟ್ಟ ದಿನಗಳ ಕಥೆ ಹೇಳುವಾಗ ಆ ಕಡೆ ಯಾರೋ "ವಾಹ್" ಎಂದರು. ಕಂಪ್ಯೂಟರನ್ನು ಇಲ್ಲಿ ಇಡಿಸಿದ್ದು ಯಾರು ಎಂಬುದನ್ನೂ ಹೇಳಿದೆ, ಈ ವಾರ ಮತ್ತೆ ಇಟ್ಟದ್ದು ನಾನೇ ಎಂದೂ ಹೇಳಿದೆ. ಮೇಲಧಿಕಾರಿಯೊಬ್ಬರು ಬಿದ್ದು ಬಿದ್ದು ನಕ್ಕರು. ಇವರ ಕಿವಿ ಕೆಂಪಾದದ್ದನ್ನು ನಾನು ಕಣ್ತುಂಬ ನೋಡಿದೆ. ಅಂದು ಊಟ ರುಚಿಸಿದ ಹಾಗೆ ನಾಗಪುರಕ್ಕೆ ಬಂದ ಮೇಲೆ ಎಂದೂ ರುಚಿಸಿರಲಿಲ್ಲ.

ಅಲ್ಲಿಂದ ಕಂಪ್ಯೂಟರ್ ಎದುರು ಗೋಡೆಗಿದೆ, ತರಗತಿಯೂ ನಡೆದಿದೆ. ಇವರು ಪಾಠಗಳ ಪ್ರತಿ ಇಡಲು ಒಂದು ಡಿಸ್ಕ್ ತಂದುಕೊಟ್ಟರು. ಲೆಕ್ಕ ಚುಕ್ತಾ ಆಯಿತೆಂದು ಇವರು ತಿಳಿದಿದ್ದರು.

ಮಳೆಗಾಲ ಮುಗಿದ ಮೇಲೆ ಒಂದು ಫೋನ್ ಬಂತು. ವಾಯುಪಡೆಯ ಆ ಹುಡುಗಿಯ ತಾಯಿ. ತರಗತಿ ಎದ್ದುಬಿದ್ದು ಸಾಗುತ್ತಿದ್ದ ಆ ಬೇಸಿಗೆಯಲ್ಲೇ ಅವರಿಗೆ ಅಸ್ಸಾಮಿಗೆ ವರ್ಗವಾಗಿತ್ತು.

"ನಮ್ಮತ್ತಿಯವ್ರು ಬಂದಾರ್ರಿ. ಅವರಿಗೆ ಕಣ್ಣು ಕಾಣಂಗಿಲ್ಲ. ಮಮ್ಮಗಳು ಕನ್ನಡ ಓದ್ತಿದ್ಲು ಅಂದ್ರ ನಂಬವಲ್ರು. ಈಗ ಓದು ಅಂದ್ರ ಇಕಿ ಎಲ್ಲಾ ಮರತಾಳ್ರಿ. ನಿಮ್ಮ ಕಡೆ ಇಕಿ ಓದಿದ್ದು ರೆಕಾರ್ಡ್ ಐತೆಲ್ಲ, ಅದೊಂದ್ ಕಳಸ್ರಿ."

ನಾನು ಪಕ್ಕದ ಕೋಣೆಗೆ ಹೋಗಿ, ಫೋನನ್ನು ಯಜಮಾನರ ಕೈಗಿಟ್ಟೆ. ಯಾರು, ಏನು ಬೇಕಂತೆ ಎಂದು ಹೇಳಿ, "ನೀವ ಹೇಳ್ರಿ" ಅಂದೆ.

ಅವರು ಫೋನನ್ನು ಕಿವಿಗೆ ಹಿಡಿದು, "ಅದು ಹೋಗೇತ್ರಿ ಅಕ್ಕಾರ. ನಾನ ಅಳಿಸೇನಿ. ಕೇಳದ ಅಳಿಸೇನಿ" ಅಂದರು.

"ಇರ್ಲಿ ಬಿಡ್ರಿ ಅಣ್ಣಾರ. ನೀವೇನ್ ಬೇಕಂತ ಮಾಡಿಲ್ಲಲ್ಲ" ಎಂದು ಆಕೆ ಹೇಳಿದ್ದು ನನಗೂ ಕೇಳಿಸಿತು.

ಫೋನ್ ಇಟ್ಟು ಅವರು ನನ್ನ ಮುಖ ನೋಡಿದರು. ನಾನೂ ಅದೇ ಮಾತು ಹೇಳಲಿ ಎಂದು ಕಾಯುತ್ತಿದ್ದರು. ನಾನು ಹೇಳಲಿಲ್ಲ.