ಗಂಗವ್ವನ ಮೂರು ಬೆರಳು

ಮನುಷ್ಯನ ಕೈ ಬರೆಯುವುದು ನನಗೆ ಇವತ್ತಿಗೂ ಕಷ್ಟ. ಎಪ್ಪತ್ತರ ದಶಕದಲ್ಲಿ ಸವಣೂರಿನ ಹೈಸ್ಕೂಲೊಂದಕ್ಕೆ ಡ್ರಾಯಿಂಗ್ ಮಾಸ್ತರನಾಗಿ ಸೇರಿದಾಗಲಂತೂ ಬರುತ್ತಲೇ ಇರಲಿಲ್ಲ. ನನ್ನ ಚಿತ್ರಗಳ ರಾಜರೆಲ್ಲ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು. ವಿದ್ಯಾರ್ಥಿಗಳು ಅದನ್ನು ರಾಜಗಾಂಭೀರ್ಯವೆಂದು ನಂಬಿದ್ದರು. ನಾನೂ ನಂಬಿಸಿದ್ದೆ.

ಕೊನೆಗೆ ನಾಚಿಕೆಯಾಗಿ, ಹುಬ್ಬಳ್ಳಿಯಿಂದ ಹಳೆಯದೊಂದು ಚಿತ್ರಕಲೆಯ ಪುಸ್ತಕ ತಂದು ಅಭ್ಯಾಸಕ್ಕೆ ಕುಳಿತೆ. ದಾರಕ್ಕೆ ಗುಂಡು ಕಟ್ಟಿ ನೇರ ನೋಡುವುದು, ಒಂದು ಕಣ್ಣು ಮುಚ್ಚಿ ಪೆನ್ಸಿಲ್ಲಿನಿಂದ ಅಳೆಯುವುದು, ಆಕೃತಿಯನ್ನು ತ್ರಿಕೋನದೊಳಗೆ ಕೂರಿಸುವುದು ಎಲ್ಲ ಅದರಲ್ಲಿತ್ತು. ಎದುರು ಮನೆಯ ಗಂಗವ್ವ ವೀಳ್ಯದೆಲೆ ಮಾರಿ ಬದುಕುವ ವಿಧವೆ. ಜಗಲಿಯ ಮೇಲೆ ಎಲೆ ಜೋಡಿಸುತ್ತಲೇ ನನ್ನ ಮುಂದೆ ಕೂರಲು ಒಪ್ಪಿದಳು. ನಾನು ಅಳತೆಗೆಂದು ಒಂದು ಕಣ್ಣು ಮುಚ್ಚಿದಾಗ ಮಾತ್ರ, "ಮಾಸ್ತರ್ರ, ಕಣ್ಣು ಹೊಡಿಯಾಕ ನನ್ನ ವಯಸ್ಸರ ನೋಡ್ರಿ," ಅಂದಳು.

ಅವಳ ಬಲಗೈಗೆ ಮೂರೇ ಬೆರಳು. ಇನ್ನೆರಡು ಎಳವೆಯಲ್ಲೇ ಕಬ್ಬಿನ ಗಾಣಕ್ಕೆ ಸಿಕ್ಕು ಹೋಗಿದ್ದವು. ನಾನು ಪುಸ್ತಕದ ಪ್ರಕಾರ ಐದೂ ಬರೆದೆ. ಜೀವನದಲ್ಲಿ ಮೊದಲ ಸಲ ಕೈ ಕೈಯಂತೆ ಬಂದಿತ್ತು. ಉಬ್ಬಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಮುಖ ನಂದ ಐತಿ. ಕೈ ಯಾರದ್ರಿ?"

ಅಳಿಸಿ, ಮೂರು ಬರೆದೆ.

ಶಾಲೆಯಲ್ಲಿ ಚಿತ್ರಗಳ ಪ್ರದರ್ಶನವಾದ ದಿನ ಗಂಗವ್ವ ಮಡಿಸಿಟ್ಟ ಇಳಕಲ್ಲ ಸೀರೆ ಉಟ್ಟು ಬಂದು ತನ್ನ ಚಿತ್ರದ ಪಕ್ಕ ನಿಂತಿದ್ದಳು. ತಪಾಸಣೆಗೆ ಬಂದ ಸಾಹೇಬರು ಚಿತ್ರದ ಬೆರಳು ಎಣಿಸಿದರು.

"ಏನ್ರಿ ಮಾಸ್ತರ, ಮಕ್ಕಳಿಗೂ ಹಿಂಗ ಕಲಸ್ತೀರೇನು?"

ಹಾನಗಲ್ಲಿನ ಗುಡಿಯಲ್ಲಿ ಕೈ ಮುರಿದ ಮೂರ್ತಿಗಳ ಮುಂದೆ ತಾಸುಗಟ್ಟಲೆ ನಿಂತು ತಲೆದೂಗಿದವನು ನಾನು. ಆದರೆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ತಪ್ಪಾಗೇತ್ರಿ ಸರ. ತಿದ್ತೇನಿ," ಅಂದೆ.

ಗಂಗವ್ವ ನನ್ನತ್ತ ನೋಡಲಿಲ್ಲ. ಸಾಹೇಬರಿಗೆ ಎರಡೂ ಕೈ ಜೋಡಿಸಿದಳು.

"ಅವರ ತಪ್ಪಲ್ರಿ. ನಾ ಇರೋದ ಹಿಂಗ."

ಸಾಹೇಬರು ಆ ಕೈ ನೋಡಿ ಮುಂದಿನ ಚಿತ್ರಕ್ಕೆ ಹೋದರು. ನನಗೆ ಹೋಗಲು ಜಾಗವಿರಲಿಲ್ಲ.

ಸಂಜೆ ಅವಳ ಜಗಲಿಯ ಮುಂದೆ ಹೋಗಿ ನಿಂತೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಅವಳೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಕೊಟ್ಟಳು.

"ಅಂಜಿಕಿ ಎಲ್ಲಾರಿಗೂ ಇರತೈತ್ರಿ. ಎಲಿ ಹಾಕ್ಕೋರಿ."

ಜಗಿದೆ. ಸ್ವಲ್ಪ ಹೊತ್ತಿಗೆ ಬಾಯಿ ಕೆಂಪಾಯಿತು. ಮುಖ ಅದಕ್ಕೂ ಮೊದಲೇ ಆಗಿತ್ತು.