ಒಂದೇ ಹಲಗೆಯ ಮೂರು ಹಿಡಿಗಳು

ಅವರ ರೆಪ್ಪೆಗೂದಲುಗಳ ಮೇಲೆ ಸದಾ ಮರದ ಹುಡಿ ಕೂತಿರುತ್ತಿತ್ತು. ಅಕ್ರೋಟು ಮರದ ಕಂದು ಹುಡಿ. ಮಾತಿನ ನಡುವೆ ಒಮ್ಮೆ ಕಣ್ಣು ಮಿಟುಕಿಸಿದರೆ ಸಣ್ಣಗೆ ಕೆನ್ನೆಯ ಮೇಲೆ ಉದುರುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಎದುರಿಗೆ ಯಾರೇ ಬರಲಿ, ಮೊದಲು ಕೈ ನೋಡಿ ಆಮೇಲೆ ಮುಖ ನೋಡುವ ಅಭ್ಯಾಸ. ಕುವೈತಿನ ಆ ಶೂಟಿಂಗ್ ಕ್ಲಬ್ಬಿಗೆ ನಾನು ಕೆಲಸಕ್ಕೆ ಸೇರಿದ ದಿನ, ನನ್ನ ಹೆಸರು ಕೇಳುವುದಕ್ಕೂ ಮುಂಚೆ ಅವರು ಹೇಳಿದ ಮಾತು: “ದೊಡ್ಡ ಕೈ ಅಮ್ಮ ನಿಮ್ಮದು. ಒಳ್ಳೆ ಕೈ.”

ನಾನು ಎರಡೂ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡೆ. ನನ್ನ ಮದುವೆಯಲ್ಲಿ ಬಳೆಗಾರ ತನ್ನಲ್ಲಿದ್ದ ಅತಿ ದೊಡ್ಡ ಅಳತೆಯ ಬಳೆಗೂ ಸಾಬೂನು ಹಚ್ಚಿ ತೊಡಿಸಿದ್ದ. ಆ ಕೈಯನ್ನು ಒಳ್ಳೆಯದು ಎಂದವರು ಅದುವರೆಗೆ ಒಬ್ಬರೂ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಅವರು ಕಾರ್ಕಳದ ಕಡೆಯ ಆಚಾರಿಗಳು. ಕತ್ತಿ, ಉಳಿ, ಪಿಕ್ಕಾಸುಗಳಿಗೆ ಹಿಡಿ ಹಾಕುತ್ತಿದ್ದ ಮನೆಯವರು. ಕ್ಲಬ್ಬಿಗೆ ಬಂದದ್ದು ಗುರಿಹಲಗೆಯ ಚೌಕಟ್ಟು ಮಾಡುವುದಕ್ಕೆ. ಯಾರದೋ ಪಿಸ್ತೂಲಿನ ಬಿರುಕುಬಿಟ್ಟ ಮರದ ಹಿಡಿಯನ್ನು ಒಮ್ಮೆ ರಿಪೇರಿ ಮಾಡಿಕೊಟ್ಟರಂತೆ, ಆಮೇಲೆ ಅದೇ ಅವರ ಕೆಲಸವಾಯಿತು. ಅರಬರು ‘ನಜ್ಜಾರ್’, ಎಂದರೆ ಬಡಗಿ, ಎನ್ನುತ್ತಿದ್ದರು, ನಾವು ಆಚಾರ್ರು ಎನ್ನುತ್ತಿದ್ದೆವು. ನಾನು ಮೈಸೂರಿನವಳು, ತುಳು ಬಾರದು. ಹಾಗಾಗಿ ನನ್ನೊಡನೆ ಅವರ ಕರಾವಳಿಯ ಕನ್ನಡ.

ಮಹಿಳಾ ವಿಭಾಗದ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಯಾವ ಪಿಸ್ತೂಲು ಎಷ್ಟು ಹೊತ್ತಿಗೆ ಹೊರಗೆ ಹೋಯಿತು, ಯಾವಾಗ ಬಂತು, ಏನು ದೂರು. ಅದರ ಜೊತೆಗೆ ಆವತ್ತಿನ ಬಿಸಿಲೆಷ್ಟು, ದೂಳಿತ್ತೇ ಎಂದೂ ಬರೆಯುತ್ತಿದ್ದೆ. ಯಾರೂ ಕೇಳಿರಲಿಲ್ಲ, ನನ್ನ ಸಮಾಧಾನಕ್ಕೆ.

ಪಂದ್ಯದ ಪಿಸ್ತೂಲುಗಳು ಯುರೋಪಿನಿಂದ ಬರುತ್ತವೆ, ನಡುವಳತೆಯ ಕೈಗೆಂದು. ಕೈ ಸಣ್ಣದಾದವರು ಹೇಗೋ ಹೊಂದಿಸಿಕೊಳ್ಳುತ್ತಾರೆ. ದೊಡ್ಡ ಕೈಯವರಿಗೆ ದಾರಿಯಿಲ್ಲ: ಕಿರುಬೆರಳು ಕೆಳಗೆ ಜೋತಾಡುತ್ತದೆ, ಹೆಬ್ಬೆರಳಿನ ಗಂಟು ಮರಕ್ಕೆ ಒತ್ತುತ್ತದೆ. ಅಂಥವರೇ ಆಚಾರ್ರ ಬಾಗಿಲಿಗೆ ಬರುತ್ತಿದ್ದರು. ಜಹ್ರಾದಿಂದ ಬರುತ್ತಿದ್ದ ಒಬ್ಬ ಪೊಲೀಸ್ ಅಧಿಕಾರಿಯ ಅಂಗೈ ಊಟದ ತಟ್ಟೆಯಷ್ಟಿತ್ತು. ಗುಂಡು ತುಂಬಿದ ಮ್ಯಾಗಜಿನ್ನನ್ನು ಹಿಡಿಯ ತಳದಿಂದ ಒಳಕ್ಕೆ ತಳ್ಳಬೇಕಲ್ಲ, ಆತುರದಲ್ಲಿ ಬಾಯಿ ತಪ್ಪದಿರಲೆಂದು ಅಲ್ಲಿಗೆ ಆಲಿಕೆಯಂಥ ಲೋಹದ ತುಂಡು ಕೂರಿಸುತ್ತಾರೆ. ಮ್ಯಾಗ್‌ವೆಲ್ ಎಂದು ಅದರ ಹೆಸರು. ಈ ಮನುಷ್ಯನ ಅಂಗೈಯ ಮಾಂಸ ಆ ಆಲಿಕೆಯ ಅಂಚಿನ ಮೇಲೆ ಇಳಿಬಿದ್ದು, ಪ್ರತಿ ಸಲ ತುಂಬುವಾಗಲೂ ಚಿವುಟಿಕೊಂಡು ರಕ್ತದ ಗುಳ್ಳೆ ಏಳುತ್ತಿತ್ತು.

ಆಚಾರ್ರು ನನ್ನ ಮೇಜಿಗೆ ಬಂದರು. “ಅಮ್ಮ, ನಿಮ್ಮ ಬ್ಯಾಗಿನಲ್ಲಿ ಕಾಡಿಗೆ ಉಂಟಾ?”

ಡಬ್ಬಿ ಕೊಟ್ಟೆ. ಹೋಗಿ ಆ ಅಧಿಕಾರಿಯ ಅಂಗೈಗೆ ಬಳಿಯತೊಡಗಿದರು.

“ಶಿನು ಹಾದಾ? ಏನಿದು, ಕಾಡಿಗೆಯಾ? ಇದನ್ನ ನನ್ನ ತಾಯಿ ಕಣ್ಣಿಗೆ ಹಚ್ಚುತ್ತಾಳೆ!” ಎಂದು ಆತ ಕೂಗಿದ.

“ತಾಯಿಗೆ ಕಣ್ಣು, ನಿಮಗೆ ಕೈ. ಯಲ್ಲಾ ಬಾಬಾ, ಹಿಡೀರಿ.”

ಹಿಡಿಸಿದರು, ಬಿಡಿಸಿದರು, ಮತ್ತೆ ಹಿಡಿಸಿದರು. ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಲೋಹದ ಅಂಚನ್ನು ಅರದಿಂದ ಕೂದಲೆಳೆಯಷ್ಟು ತೆಗೆದರು, ಕಿರುಬೆರಳಿನ ಕೆಳಗೆ ಮರ ಬೆಳೆಸಿದರು. ‘ಹೇಗಿದೆ’ ಎಂದು ಅವರು ಯಾರನ್ನೂ ಕೇಳಿದ್ದು ನಾನು ನೋಡಿಲ್ಲ. “ಬಾಯಿ ‘ಸರಿ ಉಂಟು’ ಹೇಳ್ತದೆ, ಮರ್ಯಾದೆಗೆ. ಮಸಿ ಹೇಳ್ಲಿ,” ಎನ್ನುತ್ತಿದ್ದರು. ಹೊರಗಿನಿಂದ ಬಂದ ಮರವನ್ನು ಒಂದಿಡೀ ವರ್ಷ ಬೀರುವಿನ ಮೇಲೆ ಸುಮ್ಮನೆ ಇಡುತ್ತಿದ್ದರು. ಮುದೀರ್, ಎಂದರೆ ನಮ್ಮ ಮ್ಯಾನೇಜರ್, ಯಾಕಿಷ್ಟು ತಡ ಎಂದು ಕೇಳಿದರೆ ಒಂದೇ ಉತ್ತರ: “ಒಂದು ಬೇಸಿಗೆ ಕಳೀದೆ ಈ ಮರಕ್ಕೆ ಇಕಾಮಾ ಆಗುದಿಲ್ಲ ಸಾರ್.” ಇಕಾಮಾ ಎಂದರೆ ಪರದೇಶದಿಂದ ಬಂದ ನಮಗೆಲ್ಲ ಅಲ್ಲಿರಲು ಬೇಕಾದ ವಾಸದ ಪರವಾನಗಿ.

ಪ್ರತಿಯೊಬ್ಬರ ಕೈಯನ್ನೂ ಕಂದು ಕಾಗದದ ಮೇಲೆ ಇಡಿಸಿ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಎಂಟಕ್ಕೇ ಬರಬೇಕು. ಮಧ್ಯಾಹ್ನದ ಸೆಕೆಗೆ ಕುವೈತಿನಲ್ಲಿ ಎಲ್ಲರ ಕೈಯೂ ಉಬ್ಬುತ್ತದೆ, ಅದು ಲೆಕ್ಕಕ್ಕಿಲ್ಲ ಎಂಬುದು ಅವರ ವಾದ.

ನಮ್ಮ ಈಜಿಪ್ಟಿನ ಕೋಚ್, ನನಗಿಂತಲೂ ಎತ್ತರದ ಹೆಂಗಸು, ಒಂದು ಚಳಿಗಾಲ ಸಿಬ್ಬಂದಿಗೂ ಏರ್ ಪಿಸ್ತೂಲಿನ ಪಂದ್ಯ ಇಟ್ಟರು. ನನ್ನನ್ನೂ ಎಳೆದರು. ಆಚಾರ್ರು ಒಂದೇ ಹಲಗೆಯಲ್ಲಿ ಆ ವರ್ಷ ಮೂರು ಹಿಡಿ ಮಾಡಿದರು: ಜಹ್ರಾದ ಅಧಿಕಾರಿಗೊಂದು, ಕೋಚ್‌ಗೊಂದು, ನನಗೊಂದು. ಆವತ್ತು ಮೊದಲ ಸಲ ಅದನ್ನು ಹಿಡಿದಾಗ ಆದದ್ದನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಬಳೆ, ಉಂಗುರ, ಕೈಚೀಲ ಎಲ್ಲದರ ಮುಂದೆ ಸಣ್ಣಗಾಗುತ್ತಿದ್ದ ನನ್ನ ಕೈ ಆವತ್ತು ತನ್ನ ಜಾಗದಲ್ಲಿ ಹೋಗಿ ಕೂತಿತು. ಪಂದ್ಯದಲ್ಲಿ ಎರಡನೆಯವಳಾದೆ. ನಾವಿದ್ದ ಹವಲ್ಲಿ ಬಡಾವಣೆಯ ಫೋನ್ ಅಂಗಡಿಯಲ್ಲಿ ಕೆಲಸ ಮುಗಿಸಿ ಮನೆಗೆ ಬಂದ ಯಜಮಾನರು, “ಇನ್ಮೇಲೆ ಸಾರಿಗೆ ಉಪ್ಪಿಲ್ಲ ಅಂತ ಹೇಳೋ ಹಾಗಿಲ್ಲ ಬಿಡು,” ಎಂದರು. ಅಲ್ಲಿಂದ ಮುಂದೆ ಗುರುವಾರದ ಸಂಜೆಗಳು ನನ್ನ ಅಭ್ಯಾಸಕ್ಕೆ.

ನಾಲ್ಕು ವರ್ಷ ಹೀಗೇ ನಡೆಯಿತು. ಮೂರನೆಯ ವರ್ಷದಲ್ಲೇ ಹಿಡಿ ಬಿಗಿಯಾಗಿತ್ತು. ಹೇಳಿದೆ. ಅವರು ಮಸಿ ಹಚ್ಚಿ ನೋಡಿ, ಮಾತಾಡದೆ ಒಂದಿಷ್ಟು ತೆಗೆದುಕೊಟ್ಟರು. ಆರು ತಿಂಗಳಿಗೆ ಮತ್ತೆ ಬಿಗಿ. ಮತ್ತೆ ತೆಗೆದರು. ಆ ಸಲ ನನ್ನ ಗೆಣ್ಣುಗಳನ್ನು ಬಹಳ ಹೊತ್ತು ನೋಡಿ, “ಊಟ ತಿಂಡಿ ಎಲ್ಲ ಸರಿ ಉಂಟಲ್ಲ ಅಮ್ಮ?” ಎಂದರು. “ನಿಮ್ಮ ಮರಕ್ಕೆ ಇಕಾಮಾ ಮುಗಿದಿರಬೇಕು, ಆಚಾರ್ರೇ,” ಎಂದು ನಕ್ಕೆ. ಅವರು ನಗಲಿಲ್ಲ.

ಅದೇ ದಿನಗಳಲ್ಲಿ ಮದುವೆಯ ಉಂಗುರವನ್ನು ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಿದ್ದೆ. ಚಪ್ಪಲಿ ಎರಡು ಅಳತೆ ಮೇಲೆ ಹೋಗಿತ್ತು. ನೀರು ಸರಿಯಿಲ್ಲ ಅಂದುಕೊಂಡೆ, ಚಪ್ಪಲಿ ಚೀನಾದ್ದು ಅಂದುಕೊಂಡೆ, ವಯಸ್ಸು ಅಂದುಕೊಂಡೆ. ನನ್ನ ಸುತ್ತಲಿನ ಸಾಮಾನೆಲ್ಲ ಒಂದೊಂದಾಗಿ ಕುಗ್ಗುತ್ತಿದೆ ಎಂದು ನಂಬಿಕೊಂಡು, ದಿನವೂ ರಿಜಿಸ್ಟರಿನಲ್ಲಿ ಬಿಸಿಲಿನ ಲೆಕ್ಕ ಬರೆಯುತ್ತಿದ್ದೆ.

ಆ ಚಳಿಗಾಲದ ಪಂದ್ಯದಲ್ಲಿ ನನ್ನ ಹೆಬ್ಬೆರಳು ಮರಕ್ಕೆ ಒತ್ತಿ ಜೋಮು ಹಿಡಿದು, ಗುಂಡು ಹಲಗೆಯ ಅಂಚಿಗೆ ಬಿತ್ತು. ಎಲ್ಲರೆದುರು ಮುಖ ಕೆಂಪಾಯಿತು. ಮುದೀರ್ ಏನಾಯಿತು ಎಂದರು. “ಆಚಾರ್ರ ಮರ ಕುಗ್ಗಿದೆ ಸಾರ್. ಇದು ಮೂರನೇ ಸಲ,” ಎಂದೆ. ಅಷ್ಟಕ್ಕೇ ಬಿಡಲಿಲ್ಲ. ರಿಜಿಸ್ಟರಿನ ದೂರಿನ ಸಾಲಿನಲ್ಲಿ ಚೆಂದದ ಅಕ್ಷರದಲ್ಲಿ ಬರೆದೆ: ಹಿಡಿ ಕುಗ್ಗಿದೆ, ಮರ ಸರಿಯಾಗಿ ಒಣಗಿಸಿಲ್ಲ.

ಮುದೀರ್‌ಗೆ ಅಷ್ಟೇ ಬೇಕಿತ್ತು. ಅಳತೆ ಬದಲಿಸಬಹುದಾದ ಸಿದ್ಧ ಹಿಡಿಗಳನ್ನು ತರಿಸುವ ಯೋಚನೆ ಆಗಲೇ ಇತ್ತು. ಮಾರನೆಯ ದಿನ ಆಚಾರ್ರನ್ನು ಕರೆದು, “ಹಿಡಿ ಕೆಲಸ ಖಲಾಸ್. ಚೌಕಟ್ಟು ಮಾಡು. ಈ ಇಕಾಮಾ ಮುಗಿದ ಮೇಲೆ ಊರಿಗೆ ಹೋಗು,” ಎಂದರು. ಅದು ಮುಗಿಯಲು ಎರಡು ತಿಂಗಳಿತ್ತು. ನನ್ನ ಒಂದು ಸಾಲು ಇಷ್ಟು ಮಾಡಿತು ಎಂದು ಗೊತ್ತಾದಾಗ ರಿಜಿಸ್ಟರ್ ತೆರೆದು ಆ ಸಾಲನ್ನು ಮತ್ತೆ ಓದಿದೆ. ಆದರೆ ಇದ್ದದ್ದನ್ನು ತಾನೆ ಬರೆದೆ ಎಂದು ಸಮಾಧಾನವನ್ನೂ ಹೇಳಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಎರಡು ಹಿಡಿ, ಮೂರು ಸುರುಳಿ ಕಾಗದ.

“ಇದು ಆ ಅಧಿಕಾರಿಯದ್ದು, ಇದು ಕೋಚಮ್ಮನದ್ದು. ನಿಮ್ಮ ಹಲಗೆಯದ್ದೇ. ಇಬ್ಬರ ಕೈಯನ್ನೂ ಹಿಡಿಗೆ, ಗೆರೆಗೆ ಕೂರಿಸಿ ನೋಡಿದೆ. ಒಂದು ಕೂದಲು ವ್ಯತ್ಯಾಸ ಇಲ್ಲ.” ಮೂರನೆಯ ಕಾಗದ ಬಿಡಿಸಿದರು. ಮೂಲೆಯಲ್ಲಿ ನನ್ನ ಹೆಸರು. “ಕೈ ಇಡಿ.”

“ಜಗಳಕ್ಕೆ ಬಂದಿದ್ದೀರಾ, ಆಚಾರ್ರೇ?”

“ಇಡಿ ಅಮ್ಮ.”

ಇಟ್ಟೆ. ಗೆರೆ ಕಾಣಲಿಲ್ಲ. ಬೆರಳು ಆಚೆ ಸರಿಸಿದೆ, ಈಚೆ ಸರಿಸಿದೆ. ನಾಲ್ಕು ವರ್ಷದ ಹಿಂದೆ ನನ್ನ ಕೈಯ ಸುತ್ತ ಎಳೆದ ಪೆನ್ಸಿಲ್ ಗೆರೆ ಎಲ್ಲ ಕಡೆಯಿಂದಲೂ ನನ್ನ ಬೆರಳುಗಳ ಅಡಿಗೆ ಹೋಗಿಬಿಟ್ಟಿತ್ತು.

“ದಪ್ಪ ಆಗಿದ್ದೀನಿ ಅಂತ ಹೇಳೋಕೆ ಇಷ್ಟು ನಾಟಕ ಬೇಕಿತ್ತಾ?” ಎಂದೆ.

“ಕೊಬ್ಬು ಒತ್ತಿದರೆ ತಗ್ಗುತ್ತದೆ. ಇದು ಗೆಣ್ಣು. ಎಲುಬೇ ದಪ್ಪ ಆದದ್ದು.” ಅವರು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. ನೋಡುತ್ತಲೇ ಇದ್ದರು, ಹುಬ್ಬು, ಮೂಗು, ದವಡೆ. “ಮರ ಕುಗ್ಲಿಲ್ಲ. ನೀವು ಬೆಳೀತಾ ಇದ್ದೀರಿ. ನಲವತ್ತು ದಾಟಿದವರು ಬೆಳೀಬಾರ್ದು ಅಮ್ಮ. ಡಾಕ್ಟ್ರಿಗೆ ತೋರಿಸಿ.”

ಮನೆಗೆ ಹೋಗಿ ಮದುವೆಯ ಫೋಟೋ ಹಿಡಿದು ಕನ್ನಡಿಯ ಮುಂದೆ ನಿಂತೆ. ಫೋಟೋದಲ್ಲಿದ್ದವಳು ಬೇರೆ ಯಾರೋ. ಮೂಗು ನನ್ನದಲ್ಲ, ದವಡೆ ನನ್ನದಲ್ಲ. ದಿನಕ್ಕೆರಡು ಸಲ ತಲೆ ಬಾಚಿಕೊಳ್ಳುವ ಕನ್ನಡಿ ಅದು. ಯಜಮಾನರು, “ನೀನು ಮೊದಲಿಂದ ಹೀಗೇ ಇದ್ದೆ,” ಎಂದರು. ಆಮೇಲೆ ಫೋಟೋ ಕೈಗೆ ತೆಗೆದುಕೊಂಡವರು ಕೆಳಗಿಡದೆ ಕೂತುಬಿಟ್ಟರು.

ಆಸ್ಪತ್ರೆಯ ಮೊದಲ ಡಾಕ್ಟರು ವಯಸ್ಸಿನ ಮಾತೆತ್ತಿದರು. ಕಂದು ಕಾಗದವನ್ನು ಅವರ ಮೇಜಿನ ಮೇಲೆ ಹರಡಿ ಕೈ ಇಟ್ಟೆ. ಅವರು ಬರೆಯುತ್ತಿದ್ದ ಪೆನ್ನು ನಿಂತಿತು. ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು. ಸ್ಕ್ಯಾನಿನಲ್ಲಿ ಮೂಗಿನ ಹಿಂದೆ, ಮಿದುಳಿನ ತಳಕ್ಕೆ ಅಂಟಿಕೊಂಡ ಕಡಲೆಕಾಳಿನಷ್ಟು ಗಡ್ಡೆ. ಅದೇ ನನ್ನನ್ನು ಬೆಳೆಸುತ್ತಿತ್ತು. ಬಿಟ್ಟಿದ್ದರೆ ಕಣ್ಣಿಗೆ ಬರುತ್ತಿತ್ತು, ಹೃದಯಕ್ಕೆ ಬರುತ್ತಿತ್ತು ಎಂದರು. ಮೂಗಿನ ಮೂಲಕವೇ ಹೋಗಿ ತೆಗೆದರು.

ಆಪರೇಷನ್ನಿಗೆ ಹೋಗುವ ಮೊದಲು ಕ್ಲಬ್ಬಿಗೆ ಹೋಗಿ ಹಳೆಯ ಸಾಲಿನ ಕೆಳಗೆ ಬರೆದೆ: ಮರ ಕುಗ್ಗಿಲ್ಲ, ನನ್ನ ಕೈ ಬೆಳೆದಿದೆ, ದೂರು ಸುಳ್ಳು. ಸ್ಕ್ಯಾನಿನ ಹಾಳೆಯನ್ನು ಮುದೀರ್ ಮುಂದಿಟ್ಟೆ. ಅವರು, “ನಜ್ಜಾರ್ ಇದನ್ನು ಕಂಡನಾ? ನಜ್ಜಾರ್?” ಎಂದು ಎರಡು ಸಲ ಕೇಳಿದರು. ಇಕಾಮಾ ಮುಂದುವರಿಯಿತು.

ನಾನು ಚೇತರಿಸಿಕೊಂಡು ಬಂದ ದಿನ ಒಂದು ಡಬ್ಬಿ ಮೈಸೂರುಪಾಕು ಹಿಡಿದು ಅವರ ಕೊಠಡಿಗೆ ಹೋದೆ. ನನ್ನ ಜೀವ ಉಳಿಸಿದಿರಿ ಎಂದು ಶುರುಮಾಡುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು.

“ಬೇಡ ಅಮ್ಮ. ನಂಗೆ ಒಂದು ವರ್ಷದ ಹಿಂದೆಯೇ ಗೊತ್ತಿತ್ತು.”

“ಏನು?”

“ಮೊದಲ ಸಲ ಮರ ತೆಗೆದೆ ನೋಡಿ, ಆವತ್ತೇ. ಒಂದು ಹೆಂಗಸಿಗೆ, ನಿಮ್ಮ ಮೈ ಹೀಗಾಗಿದೆ ಅಂತ ಹೇಳುದು ಹೇಗೆ? ನೀವು ಎಂತ ಎಣಿಸ್ತೀರೋ, ಗಂಡ ಎಂತ ಎಣಿಸ್ತಾರೋ. ಬಾಯಿ ಮುಚ್ಚಿ ಅರ ಹಾಕಿದೆ. ನೀವು ನನ್ನ ಕೆಲಸಕ್ಕೆ ಕಲ್ಲು ಹಾಕಿದಾಗ ಬಾಯಿ ಬಂತು. ನಿಮ್ಮ ಜೀವಕ್ಕೆ ಬಾರದ್ದು ನನ್ನ ಮರಕ್ಕೆ ಬಂತು.”

ಗಡ್ಡೆ ಎಂದಾಗಲೂ ನಾನು ಅಷ್ಟು ತಣ್ಣಗಾಗಿರಲಿಲ್ಲ. ನಾನು ಅನ್ಯಾಯವಾಗಿ ದೂರದೆ ಒಳ್ಳೆಯವಳಾಗಿ ಇದ್ದಿದ್ದರೆ ಅವರು ಒಳ್ಳೆಯವರಾಗಿ ಸುಮ್ಮನೆ ಮರ ತೆಗೆಯುತ್ತಲೇ ಇರುತ್ತಿದ್ದರು. ನಾನು ಬೆಳೆಯುತ್ತಲೇ ಇರುತ್ತಿದ್ದೆ. ಡಬ್ಬಿಯನ್ನು ಅವರ ಬೆಂಚಿನ ಮೇಲಿಟ್ಟು ಹೊರಗೆ ಬಂದೆ. ಎಷ್ಟೋ ವಾರ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರೇ ಹೊಸ ಕಾಗದ ತಂದು ಹಾಸಿ, “ಕೈ ನಿಂತಿದೆಯಾ ನೋಡುವಾ,” ಎಂದರು. ಹೊಸ ಹಿಡಿ ಮಾಡಿಕೊಟ್ಟರು. ಆ ಒಂದು ವರ್ಷದ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಅವರು ಊರಿಗೆ ಹಿಂದಿರುಗಿದ ಎರಡನೆಯ ವರ್ಷ ಅವರ ಮಗಳು ಫೋನ್ ಮಾಡಿದಳು. ಅಪ್ಪ ಹೋದರು, ಹೃದಯ ನಿಂತಿತು ಎಂದಳು. ಒಂದು ತಿಂಗಳಿಂದ ಎದೆ ಒತ್ತಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರಂತೆ. ನೋಡಿದವರು ಬಹಳ ಜನ. ದೊಡ್ಡವರನ್ನು ಕೇಳುವುದು ಹೇಗೆಂದು ಯಾರೂ ಕೇಳಲಿಲ್ಲವಂತೆ, ಅವರೂ ಹೇಳಲಿಲ್ಲವಂತೆ. ಫೋನ್ ಕೈಯಲ್ಲಿ ಹಿಡಿದು ಅಡಿಗೆಮನೆಯಲ್ಲಿ ನಿಂತೇ ಇದ್ದೆ, ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು.

ಅದೇ ಸಂಜೆ ನಮ್ಮ ಹವಲ್ಲಿಯ ಕಟ್ಟಡದ ನಾಲ್ಕನೆಯ ಮಹಡಿ ಹತ್ತಿ ಹೋದೆ. ಅಲ್ಲಿದ್ದ ಉಡುಪಿಯ ಹೆಂಗಸಿನ ಕುತ್ತಿಗೆಯ ಬಲಗಡೆ ನಿಂಬೆಕಾಯಿಯಷ್ಟು ಉಬ್ಬಿರುವುದನ್ನು ಎರಡು ತಿಂಗಳಿಂದ ಲಿಫ್ಟಿನಲ್ಲಿ ನೋಡುತ್ತಿದ್ದೆ. ನೋಡಿ, ಸೆಕೆಯ ಮಾತಾಡಿ ಇಳಿಯುತ್ತಿದ್ದೆ. ಬಾಗಿಲು ತೆಗೆದದ್ದೇ ಹೇಳಿಬಿಟ್ಟೆ.

“ನಿಮಗೆಂತ ನನ್ನ ಕುತ್ತಿಗೆ ಮೇಲೆ ಕಣ್ಣು?” ಎಂದು ಆಕೆ ಬಾಗಿಲು ಬಡಿದುಕೊಂಡರು.

ಈಗಲೂ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಮುಖ ಆ ಕಡೆ ತಿರುಗಿಸುತ್ತಾರೆ. ಕುತ್ತಿಗೆಯ ಮೇಲೆ ಹೊಲಿಗೆಯ ಸಣ್ಣ ಗುರುತೊಂದಿದೆ.